ಬಿಗಿಯಾಗದ ಉಸಿರು

ಭಾವನಿಗೂ ಡಾಕ್ಟರಮ್ಮನಿಗೂ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಒಂದೇ ಶೆಡ್ಡಿನಲ್ಲಿ ಕೆಲಸ, ಒಂದೇ ಒಲೆಯ ಊಟ, ಮಲಗುವುದು ಒಂದು ತಗಡಿನ ಗೋಡೆಯ ಆಚೆ ಈಚೆ. ಆದರೂ ಮಾತಿಲ್ಲ. ಹೇಳುವುದು ಏನೇ ಇದ್ದರೂ ನಡುವೆ ನಿಂತ ಅವಳ ಗಂಡನ ಮುಖ ನೋಡಿಕೊಂಡು ಹೇಳಬೇಕು. ಅವನು ಅಲ್ಲಿ ತಮ್ಮ, ಇಲ್ಲಿ ಗಂಡ. ಕ್ಯಾಂಪಿನವರು ಅವನಿಗೆ ಪೋಸ್ಟ್‌ಮ್ಯಾನ್ ಎಂದೇ ಹೆಸರಿಟ್ಟಿದ್ದರು. ಪಾಪ, ನೀರಿನಿಂದ ಮೇಲೆ ಬಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಎರಡು ಕಡೆಯ ಟಪಾಲು ಕಾದಿರುತ್ತಿತ್ತು.

ಡಾಕ್ಟರಮ್ಮ ಮನುಷ್ಯರಿಗೆ ಡಾಕ್ಟರಲ್ಲ. ಡೈವರ್‌ಗಳು ನೀರಿನಡಿ ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರ್‌ಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವವಳು. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಉಸಿರಿಗೆ ಬೇಕಾದಷ್ಟೇ ಬಿಟ್ಟುಕೊಡುವ ಯಂತ್ರ ಅದು. ಅಣೆಕಟ್ಟಿನ ಬುಡದಲ್ಲಿ, ನಲವತ್ತು ಅಡಿ ಆಳದಲ್ಲಿ, ತೂಬಿನ ಬಾಯಿಗೊಂದು ಕಬ್ಬಿಣದ ಜಾಲರಿ. ಅದಕ್ಕೆ ಸಿಕ್ಕಿಕೊಳ್ಳುವ ದಿಮ್ಮಿ, ಬೇರು, ಕಸ ಬಿಡಿಸುವುದು ಡೈವರ್‌ಗಳ ಕೆಲಸ. ಹತ್ತಿರದ ವರ್ಕ್‌ಶಾಪಿಗೆ ಜೀಪಿನಲ್ಲಿ ಎರಡು ದಿನದ ದಾರಿ. ಹಾಗಾಗಿ ಏನು ಕೆಟ್ಟರೂ ಅವಳ ಮೇಜಿನ ಮೇಲೇ ಸರಿಯಾಗಬೇಕು.

ಜಗಳ ಹುಟ್ಟಿದ್ದೂ ಆ ಮೇಜಿನ ಮೇಲೆಯೇ. ಎರಡು ತಿಂಗಳ ರಿಪೇರಿ ತರಬೇತಿ ಮುಗಿಸಿ ಬಂದ ಮೊದಲ ವಾರವೇ ದೊಡ್ಡ ಎಂಜಿನಿಯರ್ ಎದುರಿಗೆ, ಭಾವನ ಹನ್ನೊಂದು ರೆಗ್ಯುಲೇಟರ್‌ಗಳಲ್ಲಿ ಐದನ್ನು ಗುಜರಿಗೆ ಹಾಕಿ ಎಂದುಬಿಟ್ಟಳು. ಭಾವ ಇಪ್ಪತ್ತೆರಡು ವರ್ಷ ಅದೇ ತೂಬಿಗೆ ಇಳಿದ ಮುಖ್ಯ ಡೈವರ್. ಅವನ ಮೈಯೆಲ್ಲ ಉರಿದುಹೋಯಿತು. "ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವಳು ನಂಗೆ ಉಸಿರಾಡೋದು ಕಲಿಸ್ತಾಳೆ" ಎಂದ. "ಕಲಿಯೋ ವಯಸ್ಸು ದಾಟಿದೆ ಬಿಡಿ ನಿಮಗೆ" ಎಂದಳು. ಎಂಜಿನಿಯರ್ ನಕ್ಕುಬಿಟ್ಟ. ಆ ನಗು ಇಬ್ಬರ ನಡುವೆ ಗೋಡೆ ಎಬ್ಬಿಸಿತು.

ಈಗ ಜೀಪಿನಲ್ಲಿ ಒಂದು ರಟ್ಟಿನ ಡಬ್ಬ ಬಂದಿತ್ತು. ಒಳಗೆ ಮೂರು ಬಗೆಯ ರೆಗ್ಯುಲೇಟರ್, ಜೊತೆಗೊಂದು ಫಾರಂ. ಈ ಜಾಗದಲ್ಲಿ ಮೂರು ವರ್ಷ ಬಾಳಿಕೆ ಬರುವುದು ಯಾವುದು ಎಂದು ಬರೆಯಬೇಕು, ಅದರಲ್ಲಿ ಎಂಟು ಕಳಿಸುತ್ತೇವೆ, ಮಧ್ಯಾಹ್ನ ವಾಪಸು ಹೋಗುವ ಜೀಪಿನಲ್ಲಿ ಉತ್ತರ ಬರಲಿ. ಕೆಳಗೆ ಎರಡು ಸಹಿ: ರಿಪೇರಿಯವಳದೊಂದು, ಮುಖ್ಯ ಡೈವರನದೊಂದು. ಕಳಿಸಿದ ಮಹಾನುಭಾವರಿಗೆ ಇಲ್ಲಿನ ಸಂಸಾರ ಗೊತ್ತಿಲ್ಲವಲ್ಲ!

ಮೊದಲನೆಯದು ಹಗುರವಾದ ಪ್ಲಾಸ್ಟಿಕ್ಕಿನದು, ಬಿಚ್ಚಲು ಅದಕ್ಕೆಂದೇ ಮಾಡಿದ ಸಾಧನ ಬೇಕು. ಅದನ್ನು ಅವಳು ಪಕ್ಕಕ್ಕೆ ತಳ್ಳಿದಳು. ಬಾಗಿಲಲ್ಲಿ ನಿಂತ ಭಾವನೂ "ಆಟದ ಸಾಮಾನು" ಎಂದು ಗೊಣಗಿದ. ನಾಲ್ಕು ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದನ್ನೇ.

ಎರಡನೆಯದನ್ನು ಕೈಗೆತ್ತಿಕೊಂಡಾಗ ಅವಳ ಮುಖವೇ ಅರಳಿತು. ಹೂಳು ಒಳಗೆ ನುಗ್ಗದಂತೆ ಸುತ್ತ ಮುಚ್ಚಿದ ಮೈ. ಜೊತೆಯ ಪುಸ್ತಕದಲ್ಲಿ ದಪ್ಪಕ್ಷರದಲ್ಲಿದ್ದ ಸಾಲನ್ನು ಜೋರಾಗಿಯೇ ಓದಿದಳು: ಸಿಲಿಂಡರ್ ತುಂಬಿರಲಿ, ಬರಿದಾಗುತ್ತಿರಲಿ, ಉಸಿರು ಮೊದಲಿಂದ ಕೊನೆಯವರೆಗೂ ಒಂದೇ ಸಮ. ಮೂರನೆಯದು ಈಗ ಇರುವಂಥದ್ದೇ ಹಿತ್ತಾಳೆಯ ಗುಂಡು. ಒಳಗೊಂದು ಪಿಸ್ಟನ್, ಒಂದು ಸ್ಪ್ರಿಂಗ್, ಬಿಚ್ಚಲು ಒಂದು ಸ್ಪ್ಯಾನರ್ ಇದ್ದರೆ ಸಾಕು. ಆದರೆ ಅದರ ತೂತುಗಳು ತೆರೆದೇ ಇರುವುದರಿಂದ ಹೂಳು ಸೀದಾ ಒಳಗೆ. ಗಾಳಿ ಕಡಿಮೆಯಾಗುತ್ತ ಬಂದ ಹಾಗೆ ಉಸಿರೆಳೆಯುವುದೂ ಬಿಗಿ. ಅದು ಹಳೇ ಕಾಲದ ದೋಷ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಹೋದ ತಿಂಗಳು ಇಂಥದ್ದೇ ಒಂದರಲ್ಲಿ ಹೂಳು ಕಚ್ಚಿಕೊಂಡು, ಗಾಳಿಯೆಲ್ಲ ಬುಳಬುಳನೆ ಹರಿದುಹೋಗಿ, ಅವಳ ಗಂಡ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮೇಲೆ ಬಂದಿದ್ದ. ಅವತ್ತಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ಬೇಕಾದ್ದು ಒಂದೇ, ಇಳಿದ ಗಂಡ ಮೇಲೆ ಬರಬೇಕು. ಮಿಕ್ಕಿದ್ದೆಲ್ಲ ಹಾಳಾಗಿಹೋಗಲಿ.

"ಹೇಳ್ರೀ ನಿಮ್ಮಣ್ಣನಿಗೆ, ಎರಡನೇದೇ ಆಗ್ಬೇಕು ಅಂತ."

"ಅಣ್ಣ, ಅವಳು ಎರಡನೇದು..."

"ನಂಗೆ ಕಿವಿ ಇದೆ ಕಣೋ." ಒಂದು ಕಿವಿಗೆ ಹತ್ತಿ ತುರುಕಿಕೊಂಡಿದ್ದ ಭಾವ, ಕಿವಿ ಸೋರುತ್ತಿದ್ದುದರಿಂದ ವಾರದಿಂದ ನೀರಿಗಿಳಿದಿರಲಿಲ್ಲ. "ಮೂರನೇದಕ್ಕೆ ಸೈನ್ ಹಾಕು ಅಂತ ಹೇಳು ನಿನ್ನ ಹೆಂಡ್ತಿಗೆ."

"ಯಾಕಂತೆ ಕೇಳ್ರೀ."

"ಯಾಕೆ ಗೀಕೆ ಎಲ್ಲ ಬೇಡ. ನಾನು ಹೇಳ್ತಿದ್ದೀನಿ, ಅಷ್ಟೇ ಸಾಕು."

"ಕಾರಣ ಇಲ್ದೆ ಸೈನ್ ಹಾಕೋಕೆ ನಾನೇನು ಹೆಬ್ಬೆಟ್ಟಾ ಅಂತ ಕೇಳಿ! ದಿನಾ ಸಂಜೆ ಹಳೇ ಬ್ರಷ್ ಹಿಡ್ಕೊಂಡು ಕೆಸರು ತಿಕ್ಕೋಳು ನಾನು. ನಾನು ತಿಕ್ತಾ ಬಿದ್ದಿದ್ರೆ ಕೆಲವರ ಹೊಟ್ಟೆ ತಣ್ಣಗಿರುತ್ತೆ, ಅದೇ ಕಾರಣ."

ಪೋಸ್ಟ್‌ಮ್ಯಾನ್ ಅಣ್ಣನ ಕಡೆ ತಿರುಗಿದ. ಅಣ್ಣ ಹಲ್ಲು ಕಡಿಯುತ್ತಿದ್ದ. ಈ ಟಪಾಲು ಹಂಚುವುದು ಬೇಡವೆಂದು ಅವನಿಗೇ ಅನ್ನಿಸಿ ಸುಮ್ಮನಾದ.

"ಒಂದು ಕೆಲಸ ಮಾಡೋಣ" ಎಂದಳು ಡಾಕ್ಟರಮ್ಮ, ಗಂಡನಿಗೇ. "ಎರಡನೇದನ್ನ ಹಾಕ್ಕೊಂಡು ಈಗಲೇ ಇಳೀರಿ. ಜಾಲರಿ ಕೆಲಸ ಮಾಡಿ. ಗಾಳಿಯ ಮೀಟರ್ ಮುಳ್ಳು ಕೆಂಪು ಗೆರೆಗೆ ಬಂದಾಗ ಮೇಲೆ ಬನ್ನಿ. ಎಷ್ಟು ನಿಮಿಷ ಬಂತು, ಉಸಿರು ಹೇಗಿತ್ತು, ಫಾರಂನಲ್ಲಿ ಬರೀತೀನಿ. ಆಮೇಲೆ ಯಾರು ಏನು ಬೇಕಾದ್ರೂ ಬಡ್ಕೊಳ್ಲಿ."

ಭಾವ ಒಂದು ಗಳಿಗೆ ಏನೋ ಹೇಳಲು ಬಾಯಿ ತೆರೆದ. ಅವಳನ್ನು ನೇರ ನೋಡಿದ ಕೂಡ. ಆಮೇಲೆ ಮುಖ ಗಂಟಿಕ್ಕಿಕೊಂಡು ತಮ್ಮನ ಕಡೆ ತಿರುಗಿ, "ಹಗ್ಗ ನಾನು ಹಿಡೀತೀನಿ. ಎಳೆದ ಕೂಡ್ಲೇ ಬರ್ಬೇಕು" ಎಂದ. ಹಗ್ಗ ತನ್ನ ಕೈಯಲ್ಲಿದ್ದರೆ ಸಾಕು, ಬಾಯಿ ಬಿಡುವ ಅಗತ್ಯವಿಲ್ಲ ಎಂಬುದು ಅವನ ಲೆಕ್ಕ.

ಹತ್ತೂವರೆಗೆ ಪೋಸ್ಟ್‌ಮ್ಯಾನ್ ನೀರಿಗಿಳಿದ. ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಇಬ್ಬರೇ ಉಳಿದರು. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಭಾವ ಅಂಚಿನಲ್ಲಿ ಕೂತ. ಗಡಿಯಾರ ಹಿಡಿದು ಅವಳು ಇನ್ನೊಂದು ತುದಿಯಲ್ಲಿ ಕೂತಳು. ಮಾತು ಸಾಗಿಸುವವನು ನೀರಿನಡಿ ಇದ್ದ. ಎರಡು ಸಲ ಜಗ್ಗಿದರೆ ಆರಾಮ, ನಾಲ್ಕು ಸಲ ಜಗ್ಗಿದರೆ ಮೇಲೆ ಬಾ. ಹಗ್ಗಕ್ಕೆ ಅಷ್ಟೇ ಭಾಷೆ. ಆ ಇಬ್ಬರ ನಡುವೆ ಅಷ್ಟೂ ಇರಲಿಲ್ಲ.

ಇಪ್ಪತ್ತು ನಿಮಿಷ ಕಳೆಯಿತು. ಒಂದು ದಿಮ್ಮಿ ತೇಲಿಬಂತು, ಆಮೇಲೆ ಇನ್ನೊಂದು. ಕೆಲಸ ಜೋರಾಗಿ ನಡೆದಿದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಮೂವತ್ತನೆಯ ನಿಮಿಷಕ್ಕೆ ಭಾವ ನಾಲ್ಕು ಸಲ ಜಗ್ಗಿದ.

ಕೆಳಗಿನಿಂದ ಎರಡು ಸಲ ಜಗ್ಗಿ ಉತ್ತರ ಬಂತು. ಆರಾಮ.

ಭಾವ ಮತ್ತೆ ನಾಲ್ಕು ಸಲ, ಈ ಸಲ ಜೋರಾಗಿ. ಮತ್ತೆ ಎರಡು, ಅದೂ ಸಿಡುಕಿನಿಂದ. ಭಾವ ಎದ್ದು ನಿಂತು, ಕಾಲನ್ನು ಹಲಗೆಗೆ ಒತ್ತಿ, ಹಗ್ಗವನ್ನೇ ಎಳೆಯತೊಡಗಿದ.

ಅವಳಿಗೆ ರಕ್ತ ತಲೆಗೇರಿತು. "ನೋಡ್ರೀ! ನಿಮ್ಮಣ್ಣ ಮೋಸ ಮಾಡ್ತಿದ್ದಾರೆ!" ಎಂದು ನೀರಿನ ಕಡೆಗೆ ಕೂಗಿದಳು. ಕೇಳಿಸಿಕೊಳ್ಳುವವನು ನಲವತ್ತು ಅಡಿ ಕೆಳಗಿದ್ದಾನೆ ಎಂಬುದೂ ಸಿಟ್ಟಿನಲ್ಲಿ ಮರೆತುಹೋಗಿತ್ತು. ಓಡಿ ಬಂದು ಹಗ್ಗಕ್ಕೆ ಕೈಹಾಕಿ ಅದು ಮೇಲೆ ಬಾರದಂತೆ ಜಗ್ಗಿ ಹಿಡಿದಳು. ತೆಪ್ಪ ಓಲಾಡಿತು.

"ಬಿಡು!" ಎಂದ ಭಾವ. ನಾಲ್ಕು ವರ್ಷದ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

"ಬಿಡಲ್ಲ! ಒಂದು ಸಿಲಿಂಡರ್ ನಲವತ್ತು ನಿಮಿಷ ಬರುತ್ತೆ. ಹತ್ತು ನಿಮಿಷ ಮೊದಲೇ ಎಳೆದು, ಹೊಸದು ಬೇಗ ಮುಗೀತು ಅಂತ ಬರೆಸೋ ಹುನ್ನಾರ. ನಂಗೊತ್ತಾಗಲ್ವಾ?"

"ಹಗ್ಗ ಬಿಡೇ! ಇಷ್ಟು ಜೋರಾಗಿ ದುಡಿದ್ರೆ ಅರ್ಧ ಗಂಟೆನೂ ಬರಲ್ಲ, ಅವನಿಗೆ ಗಾಳಿ ಮುಗೀತಾ ಇದೆ!"

"ಎರಡೆರಡು ಸಲ ಆರಾಮ ಅಂದಿದ್ದಾರೆ! ಮೀಟರ್ ನೋಡ್ಕೊಂಡೇ ಅಂದಿರ್ತಾರೆ!"

ಭಾವ ಅವಳ ಕೈಗಳನ್ನು ಬಿಡಿಸಲು ಒದ್ದಾಡಿದ. ಅವಳದು ದಿನವೂ ಸ್ಪ್ಯಾನರ್ ತಿರುಗಿಸುವ ಕೈ, ಸಡಿಲಲಿಲ್ಲ. ಆಗ ಅವನು ಅವಳ ಮುಖಕ್ಕೆ ಮುಖ ತಂದು ಕಿರುಚಿದ. "ಯಾವ ಮೀಟರ್? ಕೆಳಗೆ ಬರೀ ಕೆಸರು. ಕಣ್ಣಿಗೆ ಒತ್ತಿ ಹಿಡಿದ್ರೂ ನಮ್ಮ ಕೈ ನಮಗೆ ಕಾಣಲ್ಲ! ಇಪ್ಪತ್ತೆರಡು ವರ್ಷದಲ್ಲಿ ಆ ತೂಬಿನ ಹತ್ರ ಯಾವನೂ ಮೀಟರ್ ನೋಡಿಲ್ಲ. ಉಸಿರು ಬಿಗಿ ಆದ್ರೆ ಗಾಳಿ ಮುಗೀತಾ ಬಂತು ಅಂತ, ಮೇಲೆ ಬರ್ತೀವಿ. ಅಷ್ಟೇ ನಮ್ಮ ಮೀಟರ್!"

ಮೊದಲಿಂದ ಕೊನೆಯವರೆಗೂ ಒಂದೇ ಸಮ. ಅವಳೇ ಓದಿದ್ದು, ಅವಳೇ ಮೆಚ್ಚಿದ್ದು. ಅದು ಬಿಗಿಯಾಗುವುದಿಲ್ಲ. ಕಟ್ಟಕಡೆಯ ಗುಟುಕಿನವರೆಗೂ ಸಲೀಸಾಗಿ ಬಂದು, ಆಮೇಲೆ ಒಮ್ಮೆಗೇ ನಿಲ್ಲುತ್ತದೆ. ದಿನವೂ ಸಂಜೆ ಆ ಮೀಟರ್‌ಗಳ ಗಾಜನ್ನು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳೆಯಿಸುತ್ತಿದ್ದಳಲ್ಲ, ಯಾರಿಗಾಗಿ? ಅವಳು ಹಗ್ಗ ಬಿಡಲಿಲ್ಲ, ಭಾವನ ಪಕ್ಕಕ್ಕೆ ಬಂದು ಅವನ ಜೊತೆ ಎಳೆಯತೊಡಗಿದಳು.

"ಮೆಲ್ಲಗೆ! ಒಂದೇ ಏಟಿಗೆ ಎಳೆದ್ರೆ ಎದೆ ಒಡೆಯುತ್ತೆ ಅವನಿಗೆ" ಎಂದು ಭಾವ ಗದರಿದ. ಜೀವ ಬಾಯಿಗೆ ಬಂದಿದ್ದರೂ ಅವಳು ಮೆಲ್ಲಗೆ ಎಳೆದಳು.

ಪೋಸ್ಟ್‌ಮ್ಯಾನ್ ತಲೆ ಮೇಲೆ ಬಂತು. ಬಂದವನು ರೆಗ್ಯುಲೇಟರ್ ಕಿತ್ತು ಕೈಯಲ್ಲಿ ಹಿಡಿದು ಇಬ್ಬರ ಮೇಲೂ ಹರಿಹಾಯ್ದ. "ಏನಾಗಿದೆ ನಿಮಗೆ? ಹುಚ್ಚು ಹಿಡಿದಿದ್ಯಾ? ಇನ್ನೊಂದೇ ದಿಮ್ಮಿ ಇತ್ತು! ಉಸಿರು ಬೆಣ್ಣೆ ಹಾಗೆ ಬರ್ತಿದೆ, ಇನ್ನೂ ಕಾಲು ಗಂಟೆ ಇರ್ತಿದ್ದೆ. ನೋಡಿ ಬೇಕಾದ್ರೆ!"

ಅವರಿಗೆ ತೋರಿಸಲೆಂದೇ ಮತ್ತೆ ಬಾಯಿಗೆ ಕಚ್ಚಿಕೊಂಡು ಉಸಿರೆಳೆದ. ಸಲೀಸಾಗಿ ಬಂತು. ಇನ್ನೊಂದು ಎಳೆದ, ಅದೂ ಬಂತು. ಮೂರನೆಯದು ಅರ್ಧಕ್ಕೆ ನಿಂತಿತು. ಅವನ ಕೆನ್ನೆಗಳು ಒಳಕ್ಕೆ ಸೇದಿಕೊಂಡವು, ಕಣ್ಣು ಅಗಲವಾದವು. ಅವಳು ಅವನ ಎದೆಯ ಮೇಲೆ ಜೋತಾಡುತ್ತಿದ್ದ ಮೀಟರ್ ತಿರುಗಿಸಿ ನೋಡಿದಳು. ಮುಳ್ಳು ಸೊನ್ನೆಯ ಮೇಲಿತ್ತು.

ಇಬ್ಬರೂ ಸೇರಿ ಅವನನ್ನು ತೆಪ್ಪಕ್ಕೆ ಎತ್ತಿಹಾಕಿದರು. ಆಮೇಲೆ ಅವಳು ಭಾವನ ಮೇಲೆ ತಿರುಗಿದಳು. "ಬೆಳಗ್ಗೆಯಿಂದ ಬಾಯಲ್ಲೇನು ಇಟ್ಕೊಂಡಿದ್ರಿ? ಈ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಇವನನ್ನ ನೀರಿಗೆ ಬಿಡ್ತಿದ್ಯಾ ನೀನು? ದಿನಾ ಹಾಳೆ ಮೇಲೆ 'ಮೀಟರ್ ನೋಡಲಾಗಿದೆ' ಅಂತ ಸೈನ್ ಹಾಕೋನು ನಾನು. ಕಾಣಲ್ಲ ಅನ್ನೋ ಸುದ್ದಿ ಹೊರಗೆ ಹೋದ್ರೆ ನಾಳೆನೇ ಕ್ಯಾಂಪ್ ಮುಚ್ತಾರೆ. ದೊಡ್ಡದಾಗಿ ಕೇಳೋಕೆ ಬಂದ್ಲು! ಹಗ್ಗ ಹಿಡಿದು ತಡೆದೋಳು ಯಾರು?"

"ನಾನೇ" ಎಂದಳು. "ನಾನೇ ತಡೆದೆ. ನಿಮ್ಮ ಮೇಲಿನ ದ್ವೇಷಕ್ಕೆ ಕೈಯಾರೆ ಸಾಯಿಸ್ತಿದ್ದೆ." ಗಂಡನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ, ಮೀಟರ್ ಕಾಣಲ್ಲ ಅಂತ?"

"ಗೊತ್ತಿತ್ತು. ನೀನು ಹೆದರ್ಕೋತೀಯ ಅಂತ ಹೇಳಿರ್ಲಿಲ್ಲ." ಅವನು ಸೊನ್ನೆಯ ಮೇಲಿದ್ದ ಮುಳ್ಳನ್ನೇ ನೋಡಿದ. "ಎಲ್ಲಾನೂ ಕೊನೆಗೆ ಬಿಗಿ ಆಗೇ ಆಗುತ್ತೆ ಅಂದ್ಕೊಂಡಿದ್ದೆ."

"ನಿಮ್ಮೆದುರಿಗೇ ಜೋರಾಗಿ ಓದಿದ್ನಲ್ರೀ!"

"ನೀನು ಓದಿದೆ. ಅಣ್ಣನ ಮಾತು ನಿಂಗೆ, ನಿನ್ನ ಮಾತು ಅಣ್ಣನಿಗೆ. ಅದ್ರೊಳಗೆ ಏನಿದೆ ಅಂತ ನೋಡೋದು ಬಿಟ್ಟು ಎಷ್ಟೋ ಕಾಲ ಆಯ್ತು ನಾನು."

ಶೆಡ್ಡಿಗೆ ಬಂದು ಅವಳು ಫಾರಂ ಎಳೆದುಕೊಂಡಳು. ಜೀಪಿನವನು ಹೊರಡಲು ಅವಸರ ಮಾಡುತ್ತಿದ್ದ. ಯಾವುದು ಬೇಕು ಎಂಬಲ್ಲಿ ಬರೆದಳು: ಮೂರೂ ಬೇಡ. ಕೆಳಗೆ ಮೀಟರ್ ಕಾಣುವುದಿಲ್ಲ. ದಡದಿಂದ ಪೈಪಿನಲ್ಲಿ ಗಾಳಿ ಕೊಡುವ ಯಂತ್ರ ಬರುವವರೆಗೆ ಯಾರನ್ನೂ ಇಳಿಸಬಾರದು. ಸಹಿ ಹಾಕಿ ಭಾವನ ಮುಂದೆ ನೂಕಿದಳು.

"ಹರಿದು ಹಾಕು ಇದನ್ನ" ಎಂದ ಭಾವ. "ಆರು ತಿಂಗಳಾದ್ರೂ ಯಂತ್ರ ಬರಲ್ಲ. ನಮ್ಮನ್ನೆಲ್ಲ ಮನೆಗೆ ಅಟ್ಟಿ ಬೇರೆಯವರನ್ನ ತರ್ತಾರೆ. ಮೂರನೇದು ಅಂತ ಬರಿ. ನಾಳೆ ಇವನು ಹಳೇದ್ರಲ್ಲೇ ಇಳೀತಾನೆ."

"ಇಳಿಯಲ್ಲ."

"ನನ್ನ ತಮ್ಮ ಅವನು. ನಾನು ಹೇಳಿದ್ರೆ ಇಳೀತಾನೆ."

"ನನ್ನ ಗಂಡ. ಇಳಿಯಲ್ಲ ಅಂದೆ!"

ನಡುವೆ ನಿಂತವನ ಮೈಯಿಂದ ಇನ್ನೂ ನೀರು ಇಳಿಯುತ್ತಿತ್ತು. ಇಬ್ಬರೂ ಈಗ ಒಬ್ಬರನ್ನೊಬ್ಬರು ನೇರ ನೋಡಿಕೊಂಡೇ ಬಡಿದಾಡುತ್ತಿದ್ದರು. ಅವನ ಅಗತ್ಯ ಯಾರಿಗೂ ಇರಲಿಲ್ಲ. ಅವನು ಫಾರಂ ಎತ್ತಿಕೊಂಡು, ಭಾವನ ಸಹಿಯ ಜಾಗ ಖಾಲಿ ಇರುವಂತೆಯೇ ಮಡಚಿ, ಹೊರಗೆ ಹೋಗಿ ಜೀಪಿನವನ ಕೈಗಿಟ್ಟು ಬಂದ.

ಭಾವನಿಗೆ ನಂಬಲಾಗಲಿಲ್ಲ. "ಹೆಂಡ್ತಿ ಮಾತು ಕೇಳಿ ಅಣ್ಣನ್ನ ಬೀದಿಗೆ ಹಾಕಿದ್ಯಲ್ಲೋ!"

"ಅವಳು ಹೇಳಿದ್ದಕ್ಕಲ್ಲ ಅಣ್ಣ" ಎಂದ ತಮ್ಮ. "ನೀನು ಹೇಳದೆ ಇದ್ದಿದ್ದಕ್ಕೆ."

ಹೊರಗೆ ಜೀಪು ಏರು ಹತ್ತಿ ಹೋಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.