ಮೇಣದ ಗೂಡಿಗೆ ಹೋಗಿಬಂದ ಬೆಳ್ಳಿ ಡಾಬು

ನಾನು ಒಂದು ಬೆಳ್ಳಿ ಡಾಬು. ಮೈಸೂರಿನ ಅಕ್ಕಸಾಲಿಗರ ಬೀದಿಯಲ್ಲಿ ಸುತ್ತಿಗೆ ಪೆಟ್ಟು ತಿಂದು ಹುಟ್ಟಿದವಳು. ಮದುವೆಯಲ್ಲಿ ಕಾತ್ಯಾಯಿನಿಯ ಸೊಂಟ ಏರಿದಾಗ ನನ್ನ ಜಂಬ ಅಷ್ಟಿಷ್ಟಲ್ಲ. ಮದುವೆ ಮುಗಿದದ್ದೇ ತಡ, ಟ್ರಂಕಿನ ಪಾಲಾದೆ. ಸಿಟ್ಟು ಬರದೇ ಇರುತ್ತದೆಯೇ?

ಕಾತ್ಯಾಯಿನಿ ಕಾಲೇಜಿನಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ನ್ಯೂಟ್ರಾನ್ ಎಂಬ ಕಣ್ಣಿಗೆ ಕಾಣದ ಕಣ ತಾಗಿಸಿದರೆ ಸಾಧಾರಣ ಬೆಳ್ಳಿಯೂ ಕೆಲವು ನಿಮಿಷ ಕಿರಣ ಸೂಸುತ್ತದೆ ಎಂದು ವಿದೇಶದಿಂದ ಸುದ್ದಿ ಬಂದಿತ್ತು. ಇಲ್ಲೂ ಮಾಡಿ ತೋರಿಸಬೇಕೆಂಬುದು ಅವಳ ಹಟ. ಕಣ ಹೊಮ್ಮಿಸುವ ಪುಟ್ಟ ಗಾಜಿನ ಕೊಳವೆಯನ್ನು ಎರವಲು ತಂದಿದ್ದರು. ಬೆಳ್ಳಿಗೇನು ಮಾಡುವುದು? ಆಗ ನೋಡಿ, ನನ್ನ ನೆನಪಾಯಿತು!

"ನಾಳೆ ಬೆಳಿಗ್ಗೆ ಕೊಳವೆ ವಾಪಸ್ ಕಳಿಸ್ಬೇಕಮ್ಮ," ಎಂದರು ಅವಳ ಪ್ರೊಫೆಸರ್ ಶಾಮಣ್ಣನವರು. "ಇವತ್ತು ಆದ್ರೆ ಆಯ್ತು. ಇಲ್ದಿದ್ರೆ ಈ ಕೆಲಸ ಕೈಬಿಟ್ಬಿಡು."

ಕಣಗಳ ವೇಗ ತಗ್ಗಿಸಲು ಸುತ್ತ ಮೇಣದ ಗಟ್ಟಿ ಜೋಡಿಸಿ, ನಡುವೆ ಕೊಳವೆಯ ಪಕ್ಕ ನನ್ನನ್ನಿಟ್ಟರು. ಮೈಯೊಳಗೆ ಏನೋ ಜುಮ್ಮೆಂದಿತು. ಕಿರಣ ಎಣಿಸುವ ಯಂತ್ರ ಮಾತ್ರ ಜಗಲಿಯ ಆ ತುದಿಯ ಕೋಣೆಯಲ್ಲಿ; ಕೊಳವೆಯ ಹತ್ತಿರವಿದ್ದರೆ ಸುಮ್ಮಸುಮ್ಮನೆ ಬಡಬಡಿಸುತ್ತದಂತೆ. ಆಯುಧಪೂಜೆಯ ಕುಂಕುಮ ಹತ್ತಿದ ಯಂತ್ರವದು, ಚಪ್ಪಲಿ ಹೊರಗೇ ಬಿಡಬೇಕು.

ಕಾತ್ಯಾಯಿನಿ ನನ್ನನ್ನು ಹಿಡಿದು ಗಂಭೀರವಾಗಿ ನಡೆದಳು. ಕಾಲೇಜಿನಲ್ಲಿ ಹೆಣ್ಣುಮಕ್ಕಳು ಓಡಬಾರದಲ್ಲ! ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದಳು. ಯಂತ್ರಕ್ಕೆ ಕೈಮುಗಿದಳು. ಆಮೇಲೆ ಅದಕ್ಕೆ ನನ್ನನ್ನು ಸುತ್ತಿದಳು. ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಅಷ್ಟೇ. ಎರಡನೆಯ ಸಲವೂ ಅದೇ ಹಾಡು.

ಅಯ್ಯೋ ಪೆದ್ದಿ, ನನ್ನೊಳಗಿನದು ಆರಿಹೋಗುತ್ತಿದೆ, ಬೇಗ ನಡೆಯೇ! ಎಷ್ಟು ಕಿರುಚಿಕೊಂಡರೇನು, ಬೆಳ್ಳಿಗೆ ಬಾಯಿದೆಯೇ?

ಸಂಜೆಯಾಗುತ್ತಿತ್ತು. ಕಣ್ಣೊರೆಸಿಕೊಂಡು ಕೂತಿದ್ದವಳು ಥಟ್ಟನೆ ಹಣೆ ಚಚ್ಚಿಕೊಂಡಳು.

"ಥೂ, ನನ್ನ ಮರ್ಯಾದೆಗಿಷ್ಟು! ದಾರೀಲೇ ಎಲ್ಲಾ ಮುಗಿದ್ಹೋಗ್ತಿದೆ ಸಾರ್!"

ಚಪ್ಪಲಿಯನ್ನು ಅಲ್ಲೇ ಬಿಸಾಕಿದಳು, ಸೆರಗು ಬಿಗಿದಳು. ಮೂರನೆಯ ಸಲ ಮೇಣದಿಂದ ನನ್ನನ್ನು ಎಳೆದವಳೇ ಒಂದೇ ಓಟ! ಮುಂದೆ ಮುಂದೆ ಶಾಮಣ್ಣನವರು ಪಂಚೆ ಎತ್ತಿಕೊಂಡು, "ದಾರಿ ಬಿಡ್ರೋ, ದಾರಿ ಬಿಡ್ರೋ!"

ಟಿಕ್, ಟಿಕ್, ಟಿಕಟಿಕಟಿಕ...

"ಕೇಳಿಸ್ತಾ ಸಾರ್?"

"ಕೇಳಿಸ್ತಮ್ಮ. ಚೆನ್ನಾಗೇ ಕೇಳಿಸ್ತು." ಎತ್ತಿದ ಪಂಚೆಯನ್ನು ಅವರಿನ್ನೂ ಇಳಿಸಿರಲಿಲ್ಲ. ನನಗಂತೂ ಹಿಡಿಸಲಾರದ ಸಂತೋಷ.

ಈಗ ಕಾತ್ಯಾಯಿನಿ ಇಲ್ಲ. ನಾನು ಕಪ್ಪಿಟ್ಟು ಬೀರುವಿನಲ್ಲಿ ಬಿದ್ದಿದ್ದೇನೆ. "ಮುಟ್ಬೇಡ್ರೇ, ಅದಕ್ಕೆ ಕಿರಣ ಅಂಟಿದೆ!" ಎನ್ನುತ್ತಾರೆ ಸೊಸೆಯಂದಿರು. ಹುಚ್ಚು ಹುಡುಗಿಯರು! ಅದು ಅವತ್ತು ಕಾಫಿ ಆರುವುದರೊಳಗೇ ಇಳಿದುಹೋಯಿತು. ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ನಾನೇನೂ ಕೇಳುತ್ತಿಲ್ಲ. ಇನ್ನೊಂದೇ ಒಂದು ಸಲ ಯಾರಾದರೂ ನನ್ನನ್ನು ಹಿಡಿದುಕೊಂಡು ಹಾಗೆ ಓಡಬೇಕು ಕಣ್ರೀ.