ಕನ್ನಡಿಯಲ್ಲಿ ಕಲಿತ ಕಾಲುಚೀಲ

ಸೆಟೆದ ಪಾದದಿಂದ ಕಾಲುಚೀಲ ಸುಲಭವಾಗಿ ಬರಲಿಲ್ಲ. ದೊಡ್ಡಕ್ಕ ಸತ್ತ ತಂಗಿ ಚಿಕ್ಕಕ್ಕನ ಬಲಗಾಲನ್ನು ಮಡಿಲಿಗೆ ಎಳೆದುಕೊಂಡು, ಹಿಮ್ಮಡಿಯ ಹತ್ತಿರ ಬೆರಳು ತೂರಿಸಿ, ಮಗುವಿನ ಕಾಲಿನಿಂದ ತೆಗೆಯುವಂತೆ ಮೆಲ್ಲಗೆ ಜಗ್ಗಿದಳು. ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದನ್ನ ಹೆಣದ ಕಾಲಿಗೆ ಹಾಕಿದ್ದು ಯಾರು?"

"ನಾನೇ ದೊಡ್ಡಕ್ಕ," ಎಂದಳು ಪಕ್ಕದ ಕಟಿಂಗ್ ಅಂಗಡಿಯವನ ಹೆಂಡತಿ. ಬೆಳಿಗ್ಗೆ ಹೆಣವನ್ನು ತೊಳೆದು ಬಟ್ಟೆ ಉಡಿಸಿದವಳು ಅವಳೇ. "ಚಿಕ್ಕಕ್ಕ ಹೇಳಿಟ್ಟಿದ್ರು. ಜೀವಮಾನವೆಲ್ಲ ಕಾಲು ತಣ್ಣಗಿತ್ತು, ಹೋಗುವಾಗಲಾದ್ರೂ ಬೆಚ್ಚಗಿರ್ಲಿ ಅಂತ. ಬೇರೇನೂ ಕೇಳ್ಲಿಲ್ಲ ಪಾಪ."

"ಹೆಣೆದಿದ್ದು ಯಾರು?"

"ಅವರೇ."

"ಎಡಚಿನಾ?" ದೊಡ್ಡಕ್ಕನಿಗೆ ನಗು ಬಂತು. "ಗೊತ್ತಾಗುತ್ತೆ ಬಿಡು. ಬಲಕ್ಕೆ ವಾಲಬೇಕಾದ ಕುಣಿಕೆಯೆಲ್ಲ ಎಡಕ್ಕೆ ವಾಲಿದೆ. ಈಗ ಬರೋ ಹೆಂಗಸರೆಲ್ಲ ನನ್ನ ಹತ್ರ ಹೆಣಿಗೆ ಕಲಿತವರು. ನನ್ನ ಸ್ವಂತ ತಂಗಿ ಕಾಲಲ್ಲಿ ಇಂಥದ್ದು ಕಂಡ್ರೆ ನನ್ನ ಮಾನ ಮೂರು ಕಾಸಿಗೆ ಹರಾಜು."

"ಸತ್ತವರ ಕಾಲು ಯಾರು ನೋಡ್ತಾರಮ್ಮ?" ಎಂದ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದ ದೊಡ್ಡಕ್ಕನ ಮಗ.

"ನಾನು ನೋಡಿದ್ನಲ್ಲ?"

ಕಾಲುಚೀಲದ ಬೆರಳ ತುದಿಯಲ್ಲಿದ್ದ ಗಂಟನ್ನು ಹಲ್ಲಿನಿಂದ ಕಡಿದು ಎಳೆದಳು. ಸಾಲುಗಳು ಒಂದರ ಹಿಂದೊಂದು ಪರಪರನೆ ಬಿಚ್ಚಿಕೊಂಡವು.

"ಗಾಡಿ ಬರೋದ್ರೊಳಗೆ ಸರಿ ಮಾಡಿ ಹಾಕ್ತೀನಿ. ನನ್ನ ಹೆಣಿಗೆ ಕಡ್ಡಿ ತನ್ನಿ."

*

ಅಕ್ಕತಂಗಿಯರ ಉಲ್ಲನ್ ಅಂಗಡಿಗೆ ಕಲ್ಲಿನ ನೆಲ. ದೊಡ್ಡಕ್ಕನ ಕುರ್ಚಿಯ ಕೆಳಗೆ ಮಾತ್ರ ಒಂದು ಜಮಖಾನದ ತುಂಡಿತ್ತು. ಚಿಕ್ಕಕ್ಕ ಬರಿಗಾಲಲ್ಲಿ ಅವಳ ಹಿಂದೆ ನಿಂತು ನೂಲು ಸುತ್ತುತ್ತಿದ್ದಳು. ಕಲಿಯುವ ಹುಡುಗಿಯರು ಕೆಡಿಸಿದ್ದನ್ನು ದೊಡ್ಡಕ್ಕ ಸರ್ರನೆ ಬಿಚ್ಚಿ, ಹಿಂದಿರುಗಿ ನೋಡದೆಯೇ ನೂಲಿನ ತುದಿಯನ್ನು ಭುಜದ ಮೇಲಿಂದ ಚಾಚುವಳು. ಹಿಂದಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಳ್ಳುವುದು. ಇದಕ್ಕೆ ಮಾತು ಬೇಕಾಗುತ್ತಿರಲಿಲ್ಲ.

ಚಿಕ್ಕವಳಿದ್ದಾಗ ತಂಗಿ ಎಡಗೈಯಲ್ಲಿ ಕಡ್ಡಿ ಹಿಡಿದಿದ್ದಳು. ಅದೇ ಕಡ್ಡಿಯಿಂದ ಗೆಣ್ಣಿಗೆ ಏಟು ಬಿತ್ತು. "ಬಿಚ್ಚು," ಎಂದಿದ್ದಳು ಅಕ್ಕ. ಆಮೇಲೂ ಆಸೆಗೆ ಆಗೀಗ ನಾಲ್ಕು ಸಾಲು ಹೆಣೆಯುವಳು. ಏಟು ನಿಂತಿತ್ತು, "ಬಿಚ್ಚು" ನಿಂತಿರಲಿಲ್ಲ.

ಹಾಗಂತ ದೊಡ್ಡಕ್ಕ ರಾಕ್ಷಸಿಯೇನಲ್ಲ. ತಂಗಿಗೆ ಊಟ, ಬಟ್ಟೆ, ಔಷಧಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅಂಗಡಿಯ ಒಂದು ಜೊತೆ ಕಾಲುಚೀಲ ಕೇಳಿದಾಗ ಮಾತ್ರ, "ಮಾರೋ ಸರಕನ್ನ ನೀನೇ ಹಾಕ್ಕೊಂಡ್ರೆ ಗಿರಾಕಿಗೆ ನಿನ್ನ ಕಾಲು ಬಿಚ್ಚಿಕೊಡ್ಲಾ?" ಎಂದಿದ್ದಳು. ಹುಡುಗಿಯರೆಲ್ಲ ನಕ್ಕಿದ್ದರು. ಚಿಕ್ಕಕ್ಕನೂ ನಕ್ಕಿದ್ದಳು.

*

ಹಿಂದೊಮ್ಮೆ, ಕಟಿಂಗ್ ಅಂಗಡಿಯ ವಾರದ ರಜೆಯ ದಿನ. ನೂಲು ಕೊಡಲು ಬಂದ ಚಿಕ್ಕಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಗಿರಾಕಿಗಳ ಕುರ್ಚಿಯಲ್ಲಿ ಅಂಗಡಿಯವನ ಹೆಂಡತಿ ಹೆಣೆಯುತ್ತ ಕೂತಿದ್ದಳು. ಚಿಕ್ಕಕ್ಕ ನೋಡುತ್ತಿದ್ದದ್ದು ಅವಳನ್ನಲ್ಲ, ಎದುರಿನ ಕನ್ನಡಿಯನ್ನು.

"ಅಲ್ಲಾಡ್ಬೇಡ. ಹಾಗೇ ಹೆಣಿ."

"ಏನಾಯ್ತು ಚಿಕ್ಕಕ್ಕ?"

"ಕನ್ನಡಿಯೊಳಗಿರೋ ನೀನು ಎಡಚಿ ಕಣೇ! ನನ್ನ ಹಾಗೇ!"

ಅಂದಿನಿಂದ ರಜೆ ಬಂದಾಗಲೆಲ್ಲ ಕುರ್ಚಿಯ ಹಿಂದೆ ಸ್ಟೂಲ್ ಹಾಕಿಕೊಂಡು, ಕನ್ನಡಿಯೊಳಗಿನ ಕೈಗಳನ್ನು ನೋಡಿ ಕಲಿತಳು. ಕಾಲುಚೀಲದ ಹಿಮ್ಮಡಿ ತಿರುಗಿಸುವಲ್ಲಿ ಮತ್ತೆ ಮತ್ತೆ ಎಡವಿದಳು. ಮೊದಲನೆಯದು ಆನೆಗಾಗುವಷ್ಟು ದೊಡ್ಡದಾಯಿತು. ಅದನ್ನು ತಾನೇ ಬಿಚ್ಚಿದಳು. ಕೊನೆಗೊಮ್ಮೆ ಜೋಡಿ ಕೂಡಿಬಂದಾಗ ಎರಡನ್ನೂ ತೊಟ್ಟು, ಕತ್ತರಿಸಿದ ಕೂದಲು ಬಿದ್ದ ನೆಲದ ಮೇಲೆ ಮದುವಣಗಿತ್ತಿಯಂತೆ ನಡೆದಳು.

"ದೊಡ್ಡಕ್ಕಂಗೆ ತೋರ್ಸಿ."

"ಅಯ್ಯೋ, ಬೇಡ. ಬಿಚ್ಚು ಅಂತಾಳೆ." ತೆಗೆದು ಮಡಿಸಿ ಅವಳ ಕೈಗೆ ಕೊಟ್ಟಳು. "ನಿನ್ನ ಹತ್ರನೇ ಇರ್ಲಿ. ಹೋಗುವಾಗ ಹಾಕಿ ಕಳಿಸು. ಸತ್ತ ಮೇಲೆ ಬಿಚ್ಚು ಅನ್ನೋಕೆ ಆಗಲ್ಲವಲ್ಲ?"

*

ಜನ ಸೇರಿದರು. ಹೆಣದ ಮುಖ ನೋಡಿದವರ ಕಣ್ಣು ಕೂಡಲೇ ಅದರ ಪಕ್ಕ ಕೂತು ಹೆಣೆಯುತ್ತಿದ್ದವಳ ಕೈಗೆ ಜಾರುತ್ತಿತ್ತು.

"ಈ ವಯಸ್ಸಲ್ಲೂ ಏನು ಕೈ ನೋಡಿ!"

"ಕೈ ಬಿಡ್ರೀ, ಪ್ರೀತಿ ನೋಡಿ. ತಂಗಿ ಕಾಲಿಗೆ ಕೊನೇ ಹೊತ್ತಲ್ಲೂ ಹೆಣೀತಿದಾರೆ."

ಕಡ್ಡಿಯ ಮೇಲೆ ಹಿಮ್ಮಡಿ ತಿರುಗಿ, ಪಾದವೂ ಬೆಳೆಯಿತು. ಸೊಸೆ ಬಗ್ಗಿ ನೋಡಿ ಮೆಲ್ಲಗೆ, "ಅತ್ತೆ, ಇದು ಆ ಕಡೆ ವಾಲಿದೆ, ಅದು ಈ ಕಡೆ. ಜೋಡಿ ಆಗಲ್ಲ," ಎಂದಳು.

"ಅದನ್ನೂ ಬಿಚ್ಚಿದ್ರಾಯ್ತು."

ದೊಡ್ಡಕ್ಕ ಕೈ ಚಾಚುವಷ್ಟರಲ್ಲಿ ಕಟಿಂಗ್ ಅಂಗಡಿಯವನ ಹೆಂಡತಿ ಹೆಣದ ಎಡಪಾದವನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. "ಮುಟ್ಬೇಡಿ." ಆಮೇಲೆ ಎದ್ದು, ಕಡ್ಡಿಯ ಸಮೇತ ಆ ಅರೆ ಕಾಲುಚೀಲವನ್ನು ಕಿತ್ತುಕೊಂಡು ಬೀರುವಿನ ಕನ್ನಡಿಗೆ ಹಿಡಿದಳು. "ಇಲ್ಲಿ ನೋಡಿ. ಆಮೇಲೆ ಅವರ ಕಾಲು ನೋಡಿ."

ಕನ್ನಡಿಯಲ್ಲಿ ಕುಣಿಕೆಗಳು ಎಡಕ್ಕೆ ವಾಲಿದ್ದವು. ಹಿಮ್ಮಡಿಯ ತಿರುವು, ಅಂಚು, ಸಾಲು, ಎಲ್ಲ ಹೆಣದ ಕಾಲಲ್ಲಿದ್ದಂತೆಯೇ. ಚಿಕ್ಕಕ್ಕನ ಹೆಣಿಗೆಯಲ್ಲಿ ಎಲ್ಲೂ ಒಂದು ತಪ್ಪೂ ಇರಲಿಲ್ಲ.

ದೊಡ್ಡಕ್ಕ ಬಹಳ ಹೊತ್ತು ನೋಡಿದಳು. ಹೆಂಗಸರೂ ನೋಡಿದರು.

"ಕನ್ನಡಿಯಲ್ಲಿ ಎಲ್ಲಾನೂ ಉಲ್ಟಾನೇ," ಎಂದು ಹೇಳಿ ದೊಡ್ಡಕ್ಕ ಕಿತ್ತುಕೊಂಡಳು. ಎಳೆದ ರಭಸಕ್ಕೆ ಕಡ್ಡಿಯೊಂದು ಜಾರಿ ನೆಲಕ್ಕೆ ಬಿತ್ತು. ಕುಣಿಕೆಗಳು ಬಾಯಿ ಬಿಟ್ಟು ನಿಂತವು.

ಹೊರಗೆ ಗಾಡಿ ಹಾರ್ನ್ ಹೊಡೆಯಿತು. "ಬೇಗ ಸಾರ್, ಇನ್ನೊಂದು ಮನೆಯವರು ಕಾಯ್ತಿದಾರೆ," ಎಂದ ಚಾಲಕ.

"ಸ್ವಲ್ಪ ತಡೀರಿ! ಬೆರಳಿನ ಕಡೆ ಮಾತ್ರ ಬಾಕಿ!"

"ಸಾಕಮ್ಮ," ಎಂದ ಮಗ, ಮೊದಲ ಬಾರಿಗೆ ದನಿ ಎತ್ತಿ.

ಹೆಣ ಎತ್ತಿದರು. ಹೊದಿಸಿದ ಬಟ್ಟೆ ಗಿಡ್ಡವಾಗಿತ್ತು. ಎಡಪಾದದಲ್ಲಿ ಕೆಂಪು ಕಾಲುಚೀಲ, ಬಲಪಾದ ಬರಿದು. ಕಟಿಂಗ್ ಅಂಗಡಿಯವನ ಹೆಂಡತಿ ಬಟ್ಟೆ ಎಳೆದು ಮುಚ್ಚಿದಳು. ಮೆಟ್ಟಿಲಿಳಿಯುವಾಗ ಬರಿಯ ಪಾದ ಮತ್ತೆ ಹೊರಬಂತು. ಕೊನೆಗೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದಳು.

ಎಲ್ಲರೂ ಕೆಳಗಿಳಿದ ಮೇಲೆ ಕೋಣೆಯಲ್ಲಿ ದೊಡ್ಡಕ್ಕ ಒಬ್ಬಳೇ ಉಳಿದಳು. ಜಾರಿದ ಕುಣಿಕೆಗಳನ್ನು ಹಿಡಿಯಲು ನೋಡಿದಳು, ಆಗಲಿಲ್ಲ. ಉಳಿದ ಕಡ್ಡಿಗಳನ್ನೂ ಎಳೆದುಹಾಕಿ ಬಿಚ್ಚತೊಡಗಿದಳು. ಸುಕ್ಕು ಸುಕ್ಕಾದ ನೂಲು ಮಡಿಲಲ್ಲಿ ರಾಶಿಬಿತ್ತು. ತುದಿ ಸಿಕ್ಕಿದಾಗ, ಹಿಂದಿರುಗಿ ನೋಡದೆ, ಅದನ್ನು ಭುಜದ ಮೇಲಿಂದ ಚಾಚಿದಳು.

ಕೈ ಹಾಗೇ ನಿಂತಿತ್ತು.