ನೀಲಿ ಕೋಟಿಗೆ ಕೆಂಪು ದಾರ

ಟೈಲರ್ ಮಾಸ್ಟರ್ ಅಂಗಡಿಗೂ ನನ್ನ ಇಸ್ತ್ರಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವರ ಹೊಲಿಗೆ ಯಂತ್ರ ನಿಂತರೆ ನನಗೆ ಇಲ್ಲಿ ಗೊತ್ತಾಗುತ್ತದೆ. ಹೋದ ವರ್ಷದಿಂದ ಅದು ಪದೇ ಪದೇ ನಿಲ್ಲುತ್ತಿತ್ತು. ಇಣುಕಿದರೆ ಮಾಸ್ಟರ್ ಸೂಜಿಗೆ ಮೂಗು ತಾಗುವಷ್ಟು ಬಗ್ಗಿ ದಾರ ಪೋಣಿಸಲು ತಡಕಾಡುತ್ತಿರುತ್ತಿದ್ದರು. ನಾನು ಕಂಡೂ ಕಾಣದವಳ ಹಾಗೆ ತಲೆ ಒಳಗೆ ಎಳೆದುಕೊಳ್ಳುತ್ತಿದ್ದೆ. ಹಿರಿಯರು, ಕೈಕೆಲಸದಲ್ಲಿ ಎತ್ತಿದ ಕೈ. ಅಂಥವರನ್ನು ಏನೆಂದು ಕೇಳುವುದು?

ಅವರ ಕಣ್ಣಿನ ನರ ಸೊರಗಿತ್ತು. ಹೋದ ನೋಟ ಮತ್ತೆ ಬರುವುದಿಲ್ಲ, ದಿನಾ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಗೊತ್ತಿದ್ದದ್ದು ಹೆಂಡತಿ ಒಬ್ಬರಿಗೇ. ಹೊರಗೆ ಬಾಯಿ ಬಿಡಬೇಡ ಎಂದು ಮಾಸ್ಟರ್ ಆಣೆ ಹಾಕಿಸಿಕೊಂಡಿದ್ದರು. ಮತ್ತೆ ಬಣ್ಣ ಹೇಗೆ ಗುರುತಿಸುತ್ತಿದ್ದರು ಅಂತೀರಾ? ದಾರದ ಉಂಡೆಗಳಿಗೆ ಒಂದು ಮರದ ತಟ್ಟೆ ಇತ್ತು. ಯಾವ ಗುಳಿಯಲ್ಲಿ ಯಾವ ಬಣ್ಣ ಎಂಬುದು ಅವರ ಬೆರಳಿಗೆ ಬಾಯಿಪಾಠ. ಒಂದು ದಿನ ಆ ಅಕ್ಕ ಪ್ರೀತಿಯಿಂದಲೇ ತಟ್ಟೆ ತೊಳೆದು, ತಿಳಿಬಣ್ಣ ಒಂದು ಕಡೆ, ಗಾಢಬಣ್ಣ ಒಂದು ಕಡೆ ಎಂದು ಚೆಂದಕ್ಕೆ ಜೋಡಿಸಿಟ್ಟರು. ಗಂಡನಿಗೆ ಹೇಳುವುದನ್ನು ಮರೆತರು.

ಅದೇ ವಾರ ಬಸ್ ಡ್ರೈವರ್ ಒಬ್ಬರು ಕಡುನೀಲಿ ಕೋಟು ತಂದುಕೊಟ್ಟಿದ್ದರು. ತೀರಿಹೋದ ಅಣ್ಣನ ಕೋಟು. ಅಣ್ಣನ ಮಗಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ಇವರು ನಿಲ್ಲಬೇಕು, ಅಪ್ಪನ ಕೋಟು ಹಾಕಿಕೊಂಡೇ ನಿಲ್ಲಬೇಕು ಎಂದು ಹುಡುಗಿಯ ಆಸೆ. ಅಣ್ಣ ಎತ್ತರದ ಆಳು, ತೋಳು ಗಿಡ್ಡ ಮಾಡಬೇಕಿತ್ತು. ಮಾಸ್ಟರ್ ಮಾಡಿಕೊಟ್ಟರು. ಅಲ್ಲಿಂದ ಡ್ರೈವರ್ ಅದನ್ನು ಇಸ್ತ್ರಿಗೆ ನನ್ನ ಹತ್ತಿರ ತಂದರು. ತೋಳಿನ ಅಂಚಿನ ಸುತ್ತ ಕೆಂಪು ದಾರ. ಡ್ರೈವರ್ ಮೊದಲೇ ನೋಡಿದ್ದರು. ವಯಸ್ಸಾದವರು, ನೊಂದುಕೊಳ್ಳುತ್ತಾರೆ, ಹೇಳಬೇಡಿ ಎಂದು ನನ್ನನ್ನೇ ಬೇಡಿಕೊಂಡರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಸಂಜೆಯೊಳಗೆ ಹೇಳಿಯೇ ಬಿಟ್ಟೆ. ಮಾಸ್ಟರ್ ಕತ್ತರಿ ಕೆಳಗಿಟ್ಟರು. ಮಾರನೆಯ ದಿನ ಬಾಗಿಲು ತೆಗೆಯಲಿಲ್ಲ. ಯಂತ್ರ ಕೊಳ್ಳುವವರಿದ್ದರೆ ನೋಡು ಎಂದು ಅಕ್ಕನ ಕೈಲಿ ಹೇಳಿಕಳಿಸಿದರು. ಮದುವೆಗೆ ಎಂಟು ದಿನ ಉಳಿದಿತ್ತು.

ನಮ್ಮ ಬೀದಿಯ ಲೈಬ್ರರಿ ನೋಡಿಕೊಳ್ಳುವ ಮೇಡಂ ಬಂದದ್ದು ಪರದೆ ಹೊಲಿಯಲು ಕೊಟ್ಟಿದ್ದನ್ನು ಕೇಳಲು. ನಾನು ಎಲ್ಲ ಹೇಳಿದೆ, ಈ ಸಲ ಹೇಳಿದ್ದಕ್ಕೆ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಇಬ್ಬರೂ ನೇರ ಮಾಸ್ಟರ್ ಮನೆಗೆ ಹೋದೆವು. ಮೇಡಂ ಅಕ್ಕನ ಫೋನು ಇಸಿದುಕೊಂಡು ಸೆಟ್ಟಿಂಗ್ಸ್‌ನಲ್ಲಿ ಏನೋ ಒತ್ತಿದರು. ಬೆರಳು ಮುಟ್ಟಿದ್ದನ್ನೆಲ್ಲ ಫೋನು ಓದಿ ಹೇಳತೊಡಗಿತು. ಆಮೇಲೆ ಬಣ್ಣ ಹೇಳುವ ಒಂದು ಆ್ಯಪ್ ಹಾಕಿದರು, ಪುಕ್ಕಟೆಯದು. ಮಾಸ್ಟರ್ ಮುಖ ಗಂಟಿಕ್ಕಿಕೊಂಡೇ ಇದ್ದರು.

"ಇಷ್ಟು ವರ್ಷ ಹೊಲಿದಿದೀನಮ್ಮ. ಈಗ ಆ ಡಬ್ಬಿ ಕೇಳಿಕೊಂಡು ಹೊಲೀಬೇಕಾ?"

"ಟೇಪು ಇಟ್ಟು ಅಳೀತೀರಲ್ಲ ಮಾಸ್ಟರ್, ಅದರಲ್ಲಿ ನಾಚಿಕೆ ಇದ್ಯಾ?" ಎಂದರು ಮೇಡಂ. "ಕಣ್ಣಳತೆ ಸಾಲಲ್ಲ ಅಂತ ತಾನೇ ಟೇಪು. ಇದೂ ಅಂಥದ್ದೇ."

ಅಕ್ಕ ತಂದ ಕಪ್ಪು ಉಂಡೆ, ಕಡುನೀಲಿ ಉಂಡೆ ಎರಡನ್ನೂ ಮಾಸ್ಟರ್ ಕಿಟಕಿಯ ಬೆಳಕಿಗೆ ಹಿಡಿದರು. ಫೋನು ಎರಡನ್ನೂ ಸರಿಯಾಗಿ ಹೇಳಿತು. ಅವರು ಬಿಡುವವರಲ್ಲ, ಮೂಲೆಯ ಕತ್ತಲಿಗೆ ಒಯ್ದು ಮತ್ತೆ ಕೇಳಿದರು. ಎರಡೂ ಕಪ್ಪು ಎಂದಿತು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು ಆಗ.

"ಇದಕ್ಕೂ ನನ್ನ ಹಾಗೇ, ಬೆಳಕು ಬೇಕು."

ಮರುದಿನ ಅಂಗಡಿ ತೆಗೆದರು. ಡ್ರೈವರನ್ನು ಕರೆಸಿ ಎಲ್ಲರ ಎದುರಿಗೇ ಹೇಳಿದರು: "ನನಗೆ ಕಣ್ಣು ಕಮ್ಮಿಯಾಗಿದೆಪ್ಪ. ಮುಚ್ಚಿಟ್ಟೆ. ನಿಮ್ಮಣ್ಣನ ಕೋಟು ಕೆಡಿಸಿದೆ. ಬಿಚ್ಚಿ ಹೊಲಿದು ಕೊಡ್ತೀನಿ, ಇನ್ನೊಂದು ಸಲ ನಂಬು."

ಡ್ರೈವರ್ ಕೋಟು ಕೊಟ್ಟರು. ಕೊಟ್ಟ ಮೇಲೂ ಅದರ ತೋಳನ್ನು ಬಿಡದೆ ಹಿಡಿದುಕೊಂಡೇ ನಿಂತಿದ್ದರು.

"ಅಣ್ಣನೂ ಹೀಗೇ ಮಾಸ್ಟರ್. ಎದೆನೋವು ಅಂತ ಯಾರಿಗೂ ಹೇಳ್ಲಿಲ್ಲ. ಎದೆ ಒತ್ತಿಕೊಳ್ಳೋದು ನಾನು ನೋಡಿದ್ದೆ. ನಾನೂ ಕೇಳ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮಾಸ್ಟರ್ ಕೋಟನ್ನು ಬಾಗಿಲ ಬೆಳಕಿಗೆ ಒಯ್ದು ಫೋನು ಹಿಡಿದರು. ಕಡು ನೀಲಿ ಎಂದಿತು. ದಾರದ ಉಂಡೆಗೆ ಹಿಡಿದರು. ಕಡು ನೀಲಿ. ಆಮೇಲೆ ಕೂತು ಕೆಂಪು ದಾರವನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚತೊಡಗಿದರು.

ಡ್ರೈವರ್ ಅದೇ ಕೋಟಿನಲ್ಲಿ ಮದುಮಗಳ ಪಕ್ಕ ನಿಂತರು.

ಈಗ ಗೋಡೆಯಾಚೆ ಯಂತ್ರದ ಸದ್ದಿನ ಜೊತೆ ಕಥೆಯೂ ಕೇಳುತ್ತದೆ. ಪುಸ್ತಕಗಳನ್ನು ಓದಿ ಹೇಳುವ ಜಾಲತಾಣವೊಂದನ್ನು ಮೇಡಂ ಹುಡುಕಿಕೊಟ್ಟಿದ್ದಾರೆ. ಒಳ್ಳೆಯ ಘಟ್ಟ ಬಂದಾಗ ಯಂತ್ರ ನಿಲ್ಲುತ್ತದೆ, ನನ್ನ ಇಸ್ತ್ರಿಯೂ ನಿಲ್ಲುತ್ತದೆ. ಒಂದು ಅಂಗಿ ಸುಟ್ಟಿದ್ದೂ ಉಂಟು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಅಕ್ಷರವನ್ನು ಮುಖದ ಹತ್ತಿರ ಹಿಡಿಯುತ್ತಿರಬಹುದು, ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿರಬಹುದು. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕೊಟ್ಟ ಹನಿ ತಪ್ಪಿಸಬೇಡಿ. ಆಮೇಲೆ ಕೈಯಲ್ಲಿರುವ ಫೋನಿಗೆ ಮಾತು ಕಲಿಸಿ. ಗೊತ್ತಾಗದಿದ್ದರೆ ಲೈಬ್ರರಿಯಲ್ಲಿ ಕೇಳಿ, ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ. ಫೋನು ಮಾತಾಡುವ ಹಾಗೆ ಮಾಡಿಕೊಡುತ್ತೇನೆ ಎಂದು ಬ್ಯಾಂಕಿನ ಗುಟ್ಟಿನ ನಂಬರು ಕೇಳುವವರಿಗೆ ಮಾತ್ರ ಫೋನು ಕೊಡಬೇಡಿ.

ನಾನು ಒಂದು ವರ್ಷ ನೋಡಿಯೂ ಮರ್ಯಾದೆಯ ಹೆಸರಲ್ಲಿ ಸುಮ್ಮನಿದ್ದೆ. ನೀವು ಇವತ್ತೇ ಹೋಗಿ ಅವರ ಪಕ್ಕದಲ್ಲಿ ಕೂತು ಕೇಳಿ.